ತೂಕಕ್ಕೆ ಬಾರದ ರದ್ದಿ

ಹೈದರಾಬಾದಿನ ಕೋಠಿಯ ಹಳೆಯ ಪುಸ್ತಕದ ರಾಶಿಗಳ ಮುಂದೆ ತುದಿಗಾಲಿನಲ್ಲಿ ಕುಳಿತು ಅರ್ಧಾಯುಷ್ಯವನ್ನು ಸವೆಸಿದ ನನಗೆ, ಸರ್ವಥಾ ನಿಷ್ಪ್ರಯೋಜಕವಾದ ಬರಹವೂ ಪ್ರಪಂಚದಲ್ಲಿ ಇರಬಲ್ಲುದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆನು. ಎಂಜಿನಿಯರಿಂಗ್ ಗೈಡುಗಳು, ಯಾವನೋ ಅನುತ್ತೀರ್ಣನು ಕೋಪದಿಂದ ಗೀಚಿದ ಅಂಗರಚನಾಶಾಸ್ತ್ರ, ರಟ್ಟು ಕಳಚಿದ ನಿಘಂಟು, ಇವುಗಳ ಅಡಿಯಿಂದಲೇ ಅಲ್ಲವೆ, ಒಂದು ಸಂಜೆ, ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ ಮೈಸೂರು ಸರ್ಕಾರವು ಎರಡು ರೂಪಾಯಿಗೆ ಹಂಚಿದ ಕುಮಾರವ್ಯಾಸ ಭಾರತವು ನನ್ನ ಕೈಗೆ ಬಂದುದು! ಅಂಗಡಿಯ ಮಿಯಾ ಸಾಹೇಬರು ಅದನ್ನು ತಲೆಕೆಳಗಾಗಿ ಹಿಡಿದು, "ಪುರಾನೀ ತೆಲುಗು ಕಿತಾಬ್ ಹೈ ಸಾಬ್" ಎಂದು ತೀರ್ಪಿತ್ತು, ಓದುವವರಿಲ್ಲದ ಗ್ರಂಥವೆಂಬ ಕಾರಣದಿಂದ ತಕ್ಕಡಿಗೆ ಹಾಕಿ ರದ್ದಿಯ ದರದಲ್ಲಿಯೇ ಕೊಟ್ಟರು. ಗದುಗಿನ ನಾರಣಪ್ಪನು ಒಂದೂಕಾಲು ಕಿಲೋ ತೂಗಿದನು.

ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಸೌಧದಿಂದಾಗಿ ಕೋಠಿಯೆನಿಸಿಕೊಂಡ ಈ ಪೇಟೆಯಲ್ಲಿ ಕಾಗದಕ್ಕೆ ಮರಣವೆಂಬುದಿಲ್ಲ. ನಿನ್ನೆಯ ಪತ್ರಿಕೆಯು ಇಂದು ಮಿರ್ಚಿ ಬಜ್ಜಿಯ ಎಣ್ಣೆಯನ್ನು ಹೀರುತ್ತದೆ. ಮದುವೆಯ ಕರೆಯೋಲೆಯ ಬೆನ್ನ ಮೇಲೆ ಸುಲ್ತಾನ್ ಬಜಾರಿನ ದರ್ಜಿಯು ರವಿಕೆಯ ಅಳತೆಯನ್ನು ಬರೆದುಕೊಳ್ಳುತ್ತಾನೆ.

ಇಂತಹ ಸಂಸ್ಕಾರದಲ್ಲಿ ಬೆಳೆದವನಿಗೆ ಮಗನು ಮಿಂಚಂಚೆಯ ವಿಳಾಸವೊಂದನ್ನು ಮಾಡಿಕೊಟ್ಟು, "ಅಪ್ಪಾ, ಆ ಸ್ಪ್ಯಾಮ್ ಅನ್ನೋ ಡಬ್ಬಿ ಒಂದು ಮಾತ್ರ ತೆರೀಬ್ಯಾಡ್ರಿ" ಎಂದು ಹೇಳಿಹೋದನು. ಮೂರು ದಿಕ್ಕಿಗೆ ಹೋಗು, ನಾಲ್ಕನೆಯ ದಿಕ್ಕಿಗೆ ಮಾತ್ರ ಹೋಗಬೇಡವೆಂದು ಹೇಳಿಸಿಕೊಂಡ ಅಜ್ಜಿಕಥೆಯ ರಾಜಕುಮಾರನು ಎತ್ತ ಹೋದನೆಂಬುದು ಕನ್ನಡದ ಮಕ್ಕಳಿಗೆಲ್ಲ ತಿಳಿದ ವಿಷಯ. ನಾನೂ ಅತ್ತಲೇ ಹೋದೆನು.

ಅಲ್ಲಿ ನನಗೆ ದೊರೆತ ಮರ್ಯಾದೆಯನ್ನು ಏನೆಂದು ಬಣ್ಣಿಸಲಿ! ನಾನು ಚೀಟಿಯನ್ನೇ ಕೊಳ್ಳದ ಲಾಟರಿಯು ನನಗೆ ಬಂದಿತ್ತು. ಶಾದನಗರದಲ್ಲಿಯೂ ಯಾದಗಿರಿಗುಟ್ಟದಲ್ಲಿಯೂ ನಿವೇಶನಗಳು ನನ್ನ ಒಪ್ಪಿಗೆಯೊಂದನ್ನೇ ಕಾಯುತ್ತ ಪಾಳುಬಿದ್ದಿದ್ದವು. ಮೂವತ್ತು ವರ್ಷಗಳ ಹಿಂದೆಯೇ ನನ್ನನ್ನು ತ್ಯಜಿಸಿಹೋದ ಕೇಶರಾಶಿಯನ್ನು ಮೂರು ವಾರಗಳಲ್ಲಿ ಮರಳಿ ಕರೆತರುವುದಾಗಿ ತೈಲವೊಂದು ಪ್ರತಿಜ್ಞೆ ಮಾಡಿತ್ತು. ಎಲ್ಲಕ್ಕೂ ಮಿಗಿಲಾಗಿ, ದೂರದೇಶದ ಮಂತ್ರಿಯೊಬ್ಬನ ವಿಧವೆಯು, ಪತಿಯು ಬಿಟ್ಟುಹೋದ ಕೋಟ್ಯಂತರ ಡಾಲರುಗಳನ್ನು ನಂಬಿ ಒಪ್ಪಿಸಲು ಭೂಮಂಡಲವನ್ನೆಲ್ಲ ಅರಸಿ ಕಡೆಗೆ ಕೋಠಿಯ ಈ ನಿವೃತ್ತ ಗುಮಾಸ್ತನನ್ನು ಆರಿಸಿಕೊಂಡಿದ್ದಳು. ಈ ಬಗೆಯ ವಂಚನೆಗೆ ನೈಜೀರಿಯದ ದಂಡಸಂಹಿತೆಯ 419ನೆಯ ವಿಧಿಯ ಹೆಸರೇ ರೂಢಿಯಾಗಿದೆಯೆಂಬುದು ಆಗ ನನಗೆ ತಿಳಿಯದು. ಹಿಂದಿನಿಂದ ಬಂದು ಇಣುಕಿದ ನನ್ನಾಕೆಗೆ ಹಣದ ಮೊತ್ತವು ಕಣ್ಣಿಗೆ ಬೀಳಲಿಲ್ಲ, ಬಿದ್ದುದು ಸಂಬೋಧನೆ.

"ಇಕಿ ಯಾರ್ರೀ, ನಿಮಗ ಪ್ರಿಯತಮ ಅಂತ ಬರದಾಕಿ? ನಲವತ್ತೈದು ವರ್ಷ ಸಂಸಾರ ಮಾಡೀನಿ, ನಾನೇ ಒಮ್ಮೆನೂ ಹಂಗ ಕರದಿಲ್ಲ."

ಕರೆಯದಿದ್ದುದು ಯಾರ ತಪ್ಪೆಂಬ ಪ್ರಶ್ನೆಯನ್ನು ನಾನು ಎತ್ತಲಿಲ್ಲ.

ಬಂದ ಪತ್ರಕ್ಕೆ ಉತ್ತರ ಬರೆಯದಿರುವುದು ಮನೆಗೆ ಬಂದವರಿಗೆ ನೀರು ಕೊಡದಿರುವುದಕ್ಕೆ ಸಮಾನವೆಂದು ನನ್ನ ತಂದೆಯವರು ಕಲಿಸಿದ್ದರು. ಆದುದರಿಂದ ಒಂದು ಭಾನುವಾರ ಕುಳಿತು, ತೈಲದವರಿಗೂ ನಿವೇಶನದವರಿಗೂ ಆ ದುಃಖಿತೆಯಾದ ವಿಧವೆಗೂ, ತಮ್ಮ ಸೌಜನ್ಯಕ್ಕೆ ಕೃತಜ್ಞನಾಗಿರುವೆನೆಂದೂ ಸದ್ಯಕ್ಕೆ ನನಗೆ ಕೂದಲಾಗಲಿ ಭೂಮಿಯಾಗಲಿ ಅವಶ್ಯಕವಿಲ್ಲವೆಂದೂ ವಿನಯಪೂರ್ವಕವಾಗಿ ಬರೆದೆನು. ಮರುವಾರ ಹತ್ತು ಪತ್ರಗಳ ಸ್ಥಾನದಲ್ಲಿ ನೂರು ಬಂದವು. ಈ ವಣಿಕರು ಕತ್ತಲೆಯಲ್ಲಿ ಲಕ್ಷಾಂತರ ವಿಳಾಸಗಳಿಗೆ ಕಲ್ಲೆಸೆಯುತ್ತಾರೆಂದೂ, "ಬೇಡ" ಎಂದು ಕೂಗಿದವನು ಆ ಮನೆಯಲ್ಲಿ ಜನವಾಸವಿದೆಯೆಂದು ತಾನೇ ತಿಳಿಸಿದಂತಾಗುತ್ತದೆಂದೂ, ಅಂತಹ ಜೀವಂತ ವಿಳಾಸಗಳ ಪಟ್ಟಿಯು ಒಬ್ಬರಿಂದೊಬ್ಬರಿಗೆ ಮಾರಾಟವಾಗುವುದೆಂದೂ ಮೊಮ್ಮಗನು ವಿವರಿಸಿದನು. ವಿನಯಕ್ಕೆ ಇಂತಹ ಶಿಕ್ಷೆಯನ್ನು ವಿಧಿಸುವ ವ್ಯವಸ್ಥೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಡಬ್ಬಿಯ ಹೆಸರಿನ ವ್ಯುತ್ಪತ್ತಿಯನ್ನು ಕೇಳಬಾರದಾಗಿತ್ತು. ಸ್ಪ್ಯಾಮ್ ಎಂಬುದು 1937ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹಂದಿಮಾಂಸದ ಡಬ್ಬಿಯಂತೆ. 1970ರಲ್ಲಿ ಇಂಗ್ಲೆಂಡಿನ ವಿದೂಷಕರ ತಂಡವೊಂದು, ಉಪಾಹಾರಗೃಹದಲ್ಲಿ ಆ ಪದವನ್ನೇ ಮತ್ತೆ ಮತ್ತೆ ಹಾಡಿ ಬೇರೆಯವರ ಮಾತು ಕೇಳಿಸದಂತೆ ಮಾಡುವ ಪ್ರಹಸನವನ್ನಾಡಿದ್ದರಿಂದ ಈ ಅರ್ಥವು ಬಂದಿತಂತೆ. ಅಂದಿನಿಂದ ನನ್ನಾಕೆಯು ಗಣಕಯಂತ್ರವನ್ನು ದೇವರಕೋಣೆಯ ಗೋಡೆಯಿಂದ ನಾಲ್ಕು ಅಡಿ ಆಚೆಗೆ ಸರಿಸಿದ್ದಾಳೆ.

ಇನ್ನು ಈ ವಿದ್ಯೆಯ ಆದಿಪುರುಷನೆಂದರೆ, 1978ರ ಮೇ ತಿಂಗಳಿನಲ್ಲಿ, ಕಂಪ್ಯೂಟರ್ ಮಾರುವ ಕಂಪೆನಿಯೊಂದರ ಪರವಾಗಿ ಸುಮಾರು ನಾನೂರು ಮಂದಿಗೆ ಒಂದೇ ಓಲೆಯನ್ನು ಕಳುಹಿದ ಗ್ಯಾರಿ ಥರ್ಕ್ ಎಂಬ ಅಮೆರಿಕದವನೆಂದು ಹೇಳುತ್ತಾರೆ. ಇದನ್ನು ನಾನು ಒಪ್ಪಲಾರೆ. ಅದಕ್ಕೆ ಎಷ್ಟೋ ವರ್ಷಗಳ ಹಿಂದೆ ನಮ್ಮ ಮನೆಗೆ ತಿರುಪತಿಯ ಕಾರ್ಡುಗಳು ಬರುತ್ತಿದ್ದವು. ಇದರ ಹನ್ನೊಂದು ಪ್ರತಿಗಳನ್ನು ಬರೆದು ಹನ್ನೊಂದು ಮಂದಿಗೆ ಕಳುಹಿಸಿದವನಿಗೆ ನಿಧಿ ದೊರೆಯಿತು, ಹರಿದೆಸೆದವನ ಎಮ್ಮೆ ಸತ್ತಿತು ಎಂಬ ಒಕ್ಕಣೆ. ನಮಗೆ ಎಮ್ಮೆಯಿರಲಿಲ್ಲವಾದರೂ ಅವ್ವನಿಗೆ ಭಯವಿತ್ತು. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಅಕ್ಷರವನ್ನು ತಿದ್ದಿದ್ದ ನನ್ನ ಕೈಬರಹವು ದುಂಡಾಗಿತ್ತು. ಹೀಗಾಗಿ ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ಹನ್ನೊಂದು ಹನ್ನೊಂದರಂತೆ ನಾನು ಬರೆದ ಎಮ್ಮೆಗಳಿಗೆ ಲೆಕ್ಕವಿಲ್ಲ.

ಮಗನು ಎಷ್ಟು ಬೈದರೂ ಆ ನಿಷಿದ್ಧ ಡಬ್ಬಿಯನ್ನು ದಿನವೂ ಜಾಲಾಡುವ ನನ್ನ ಚಪಲವು ಮಾತ್ರ ಹೋಗಲಿಲ್ಲ. ಕಸದ ಅಡಿಯಲ್ಲಿ ಕುಮಾರವ್ಯಾಸನನ್ನು ಒಮ್ಮೆ ಕಂಡವನು ಯಾವ ಕಸವನ್ನು ತಾನೆ ಕಣ್ಮುಚ್ಚಿ ಚೆಲ್ಲಿಯಾನು? ಆದರೆ ಐದು ವರ್ಷಗಳ ಶೋಧನೆಯಲ್ಲಿ ನನಗೆ ದೊರೆತುದು ತೈಲ, ಮತ್ತೆ ತೈಲ. ಮಿಯಾ ಸಾಹೇಬರ ತಕ್ಕಡಿಗೆ ಹಾಕೋಣವೆಂದರೆ ಇದಕ್ಕೆ ಗುಲಗಂಜಿಯಷ್ಟೂ ತೂಕವಿಲ್ಲ. ಬಜ್ಜಿ ಕಟ್ಟಲಿಕ್ಕೂ ಬಾರದು.

ಕಳೆದ ದೀಪಾವಳಿಯಂದು ರಾಯಚೂರಿನಿಂದ ಹಳೆಯ ಗೆಳೆಯನ ಫೋನು ಬಂದಿತು. ಅವನೂ ಹಿಂದೆ ಕೋಠಿಯ ರಾಶಿಗಳ ಮುಂದೆ ನನ್ನ ಪಕ್ಕದಲ್ಲಿ ಕುಳಿತು ಧೂಳು ಕುಡಿದವನು. "ನಿನ್ನ ಯುಗಾದಿ ಶುಭಾಶಯ ಇವತ್ತು ಸಿಕ್ತೋ ಮಾರಾಯಾ" ಎಂದನು. "ಎಲ್ಲಿ?" ಎಂದೆನು. "ಕಸದ ಡಬ್ಬ್ಯಾಗ. ಮ್ಯಾಲೆ ಕೂದಲೆಣ್ಣಿ, ಕೆಳಗ ಬ್ಯಾಂಕ್ ಸಾಲ, ನಡುವ ನೀನು. ಹಿಂದಿನ ಮೂರು ವರ್ಷದ್ದೂ ಅಲ್ಲೇ ಬಂದಿದ್ದಾವು ಅಂತ ಕಾಣ್ತದ, ಅಳಿಸಿಹೋಗ್ಯಾವ."

ಹೀಗೇಕಾಯಿತೆಂದು ಮೊಮ್ಮಗನನ್ನು ಕೇಳಿದೆನು. ಥಾಮಸ್ ಬೇಯ್ಸ್ ಎಂಬ ಆಂಗ್ಲ ಪಾದ್ರಿಯು ಸಂಭವನೀಯತೆಯ ಮೇಲೆ ಬರೆದಿಟ್ಟು, ಅವನ ಮರಣಾನಂತರ 1763ರಲ್ಲಿ ಪ್ರಕಟವಾದ ಗಣಿತವೇ ಓಲೆಗಳಿಂದ ಕಸವನ್ನು ಸೋಸುವ ಅನೇಕ ಜರಡಿಗಳ ಮೂಲವೆಂದೂ, ಸಜ್ಜನರ ಪತ್ರಗಳಲ್ಲಿ ಯಾವ ಪದವೆಷ್ಟು, ದುರ್ಜನರ ಪತ್ರಗಳಲ್ಲಿ ಯಾವ ಪದವೆಷ್ಟು ಎಂದು ಎಣಿಸಿ ಯಂತ್ರವು ಹೊಸ ಓಲೆಯ ಕುಲಗೋತ್ರವನ್ನು ನಿರ್ಣಯಿಸುವುದೆಂದೂ ಅವನು ಹೇಳಿದನು. ಅನಂತರ ನನ್ನ ಯುಗಾದಿಯ ಓಲೆಯನ್ನು ತೆರೆದು ನೋಡಿದನು. ಸಕಲೈಶ್ವರ್ಯ, ಧನಕನಕ, ಸನ್ಮಂಗಳ, ಮಹನೀಯರೇ, ತಮ್ಮ ವಿಶ್ವಾಸಿ. ಅದೂ ಒಂದೇ ಒಕ್ಕಣೆ, ಒಂದೇ ಗಳಿಗೆಯಲ್ಲಿ, ನಲವತ್ತು ಮಂದಿಗೆ. "ಅಜ್ಜಾ, ಆ ವಿಧವೆ ಮತ್ತು ನೀವು ಒಂದೇ ಥರ ಬರೀತೀರಿ" ಎಂದನು.

ಮರುದಿನ ಅಂಚೆಕಚೇರಿಗೆ ಹೋಗಿ 50 ಪೈಸೆಯ ಕಾರ್ಡುಗಳನ್ನು ನಲವತ್ತು ತಂದು, ಮೇಜಿನ ಮೇಲೆ ಹರಡಿಕೊಂಡು, ಮೊದಲನೆಯದರ ನೆತ್ತಿಯಲ್ಲಿ ಶ್ರೀಕಾರವನ್ನು ಬರೆಯುತ್ತಿದ್ದೆನು. ಕಾಫಿಯನ್ನು ತಂದಿಟ್ಟ ನನ್ನಾಕೆಯು ಕಾರ್ಡುಗಳ ರಾಶಿಯನ್ನೊಮ್ಮೆ ನೋಡಿದಳು.

"ಯಾರ ಎಮ್ಮಿ ಸತ್ತದ್ರೀ?"