ಕೊಪ್ಪಳ ಸೀಮೆಯ ಪುಷ್ಪವಿವಾಹ ಮೀಮಾಂಸೆ

ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕವಿರಾಜಮಾರ್ಗಕಾರ ಕೊಪಣನಗರವನ್ನು ಹೆಸರಿಸಿದ್ದಾನೆ. ಆದರೆ ಆ ಸೀಮೆಯ ಹತ್ತಿಹೂವಿನ ಲಗ್ನ ಎಷ್ಟು ಗಂಟೆಗೆ, ಹೆಣ್ಣಿನ ಕಡೆಯವರು ಯಾರು ಎಂಬ ಮುಖ್ಯ ಸಂಗತಿಯನ್ನೇ ಬಿಟ್ಟಿದ್ದಾನೆ. ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಶಾಸನ ಕೆತ್ತಿಸಿದ ಅಶೋಕನೂ ಈ ಕುರಿತು ಮೌನ. ಎರಡು ಸಾವಿರ ವರ್ಷಗಳಿಂದ ಉಳಿದುಬಂದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಬ್ರಹ್ಮಚಾರಿ ದೇವರಿರುವ ಅಂಜನಾದ್ರಿಯನ್ನು ಗೌರವಪೂರ್ವಕವಾಗಿ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಮೊದಲು ಪೂರ್ವಪಕ್ಷ. ಕೇಸರದಿಂದ ಹೊರಟ ಪರಾಗ ಗಾಳಿಯನ್ನೋ ಜೇನುಹುಳವನ್ನೋ ಹಿಡಿದು ಶಲಾಕೆಯ ತುದಿ ಮುಟ್ಟುತ್ತದೆ, ಅದೇ ಪರಾಗಸ್ಪರ್ಶ ಎಂಬುದು ಹಿಂದಿನವರ ಮತ. 18ನೇ ಶತಮಾನದಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ಮದುವೆ ಎಂದೇ ಕರೆದ. ಕೇಸರಗಳನ್ನು ಗಂಡಂದಿರೆಂದು ಎಣಿಸಿ ಗಿಡಗಳನ್ನು ವಿಂಗಡಿಸಿದ. ಒಬ್ಬ ಹೆಂಡತಿಗೆ ಇಪ್ಪತ್ತು ಗಂಡಂದಿರು ಎಂಬ ಲೆಕ್ಕ ಕಂಡು ಸೇಂಟ್ ಪೀಟರ್ಸ್‌ಬರ್ಗಿನ ಸಸ್ಯಶಾಸ್ತ್ರಿ ಸಿಗೆಸ್‌ಬೆಕ್ ಕೆಂಡವಾದ. ಸಿಗೆಸ್‌ಬೆಕಿಯಾ ಎಂಬ ಅಂಟಂಟು ಕಳೆಯೊಂದು ಇಂದಿಗೂ ಆತನ ಹೆಸರು ಹೊತ್ತಿದೆ. ಹೆಸರಿಟ್ಟವನು ಲಿನೇಯಸ್ಸೇ.

ಕುಷ್ಟಗಿಯ ಸಜ್ಜೆ ಈ ಮತದ ಪರವಾಗಿ ಸಾಕ್ಷಿ ಹೇಳುತ್ತದೆ. ತೆನೆಯಲ್ಲಿ ಹೆಣ್ಣುಭಾಗ ಮೊದಲು ಹೊರಬಂದು ಕಾಯುತ್ತದೆ. ಅದೇ ತೆನೆಯ ಕೇಸರಗಳು ದಿನಗಟ್ಟಲೆ ತಡ. ಅಷ್ಟರಲ್ಲಿ ಪಕ್ಕದ ತೆನೆಯ ಪರಾಗ ಗಾಳಿಯಲ್ಲಿ ಬಂದು ಲಗ್ನ ಮುಗಿಸಿರುತ್ತದೆ. ಸಗೋತ್ರ ತಪ್ಪಿಸಲು ಇಷ್ಟು ಪಕ್ಕಾ ಪಂಚಾಂಗ ಯಾವ ಶಾಸ್ತ್ರಿಗಳ ಹತ್ತಿರವೂ ಇಲ್ಲ. ಗಂಗಾವತಿಯ ಭತ್ತದ್ದು ಬೇರೆ ಸಂಪ್ರದಾಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಆ ಬೆಳೆಗೆ ಹೊರಗಿನ ಸಂಬಂಧವೇ ಬೇಡ. ಹೊತ್ತೇರುವಾಗ ಸುಮಾರು ಒಂದು ತಾಸು ಹೂ ಬಾಯಿ ತೆರೆಯುತ್ತದೆ, ತನ್ನದೇ 6 ಕೇಸರಗಳಿಂದ ಪರಾಗ ಉದುರಿಸಿಕೊಂಡು ಮುಚ್ಚಿಕೊಳ್ಳುತ್ತದೆ. ಮೆರವಣಿಗೆಯಿಲ್ಲ, ಬೀಗರ ಮುನಿಸಿಲ್ಲ.

ಒಳಗೆ ನಡೆಯುವುದು ಮಾತ್ರ ಜೋಡಿ ಲಗ್ನ. ಪರಾಗದ ಕಣದಿಂದ ಸಣ್ಣ ನಳಿಕೆಯೊಂದು ಬೆಳೆದು ಅಂಡಾಶಯಕ್ಕೆ ಇಳಿಯುತ್ತದೆ. ಅದರಲ್ಲಿ ಎರಡು ಗಂಡುಕೋಶಗಳು. ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಪಕ್ಕದ ಎರಡು ಕೋಶಕೇಂದ್ರಗಳನ್ನು ಕೂಡಿ ಭ್ರೂಣಕ್ಕೆ ಬುತ್ತಿ ಕಟ್ಟುತ್ತದೆ. 1898ರಲ್ಲಿ ರಷ್ಯಾದ ನವಾಶಿನ್ ಇದನ್ನು ಪತ್ತೆ ಮಾಡಿದ. ಅಕ್ಕಿ ಪಾಲಿಶ್ ಮಾಡಿದಾಗ ಭ್ರೂಣ ತೌಡಿನ ಜೊತೆ ಹೋಗಿ ಬುತ್ತಿ ಮಾತ್ರ ಉಳಿಯುತ್ತದೆ. ಅಂದರೆ ಗಂಗಾವತಿಯ ಸೋನಾ ಮಸೂರಿ ಉಣ್ಣುವವರೆಲ್ಲ ಎರಡನೆಯ ಲಗ್ನದ ಫಲವನ್ನೇ ಉಣ್ಣುತ್ತಿದ್ದಾರೆ. ಶೇಂಗಾದ ನಡವಳಿಕೆ ಇನ್ನೂ ಸಂಪ್ರದಾಯಸ್ಥ: ಗರ್ಭ ಕಟ್ಟಿದ ಮೇಲೆ ಹೂವಿನ ಬುಡದಿಂದ ಕಡ್ಡಿಯೊಂದು ಇಳಿದು ನೆಲ ಹೊಕ್ಕು, ಬಾಣಂತನವನ್ನು ಮಣ್ಣಿನ ತವರಿನಲ್ಲೇ ಮುಗಿಸುತ್ತದೆ.

ಪ್ರಾಣಿಗಳ ವಿಚಾರ ಗ್ರಂಥವಿಸ್ತಾರದ ಭಯದಿಂದ ಸಂಕ್ಷಿಪ್ತ. ಈ ಭಾಗದ ಕೆಂಗುರಿ ಕುರಿ ಈಯಲು ಸುಮಾರು 5 ತಿಂಗಳು ಬೇಕು, ಬಂಕಾಪುರ ತೋಳಧಾಮದ ತೋಳಕ್ಕೆ ಸುಮಾರು 2 ತಿಂಗಳು ಸಾಕು. ಎರಡನ್ನೂ ಒಂದೇ ಅಧ್ಯಾಯದಲ್ಲಿ ಬಹಳ ಹೊತ್ತು ಬಿಡುವುದು ಕ್ಷೇಮವಲ್ಲ.

ಇನ್ನು ಸಿದ್ಧಾಂತ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹೈಬ್ರಿಡ್ ಬೀಜದ ಪ್ಲಾಟುಗಳಲ್ಲಿ ಗಾಳಿ ಮತ್ತು ಜೇನಿನ ಅಧಿಕಾರ ರದ್ದಾಗಿದೆ. ಅಲ್ಲಿ ಲಗ್ನ ಮಾಡಿಸುವುದು ಹೆಣ್ಣುಮಕ್ಕಳ ಉಗುರು. ಕೆಲಸದ ಹೆಸರು ಕ್ರಾಸಿಂಗ್. ಸಂಜಿಮುಂದ ಮಗ್ಗಿ ಬಿಡಿಸೂದು, ಮುಂಜಾನೆ ಹೂ ಹಚ್ಚೂದು: ಇಡೀ ಶಾಸ್ತ್ರ ಇಷ್ಟೇ ಎಂದು ಅಲ್ಲಿನವರು ಹೇಳಬಹುದು. ನಾಳೆ ಅರಳಬೇಕಾದ ಹತ್ತಿಯ ಮೊಗ್ಗಿನ ಬುಡಕ್ಕೆ ಹೆಬ್ಬೆರಳಿನ ಉಗುರು ಊರಿ, ಒಂದು ಸುತ್ತು ತಿರುಗಿಸಿ, ದಳಗಳ ಜೊತೆಗೆ ಕೇಸರದ ಕೊಳವೆಯನ್ನೂ ಟೊಪ್ಪಿಗೆಯಂತೆ ಎಳೆದು ತೆಗೆಯಬೇಕು. ನಡುವಿನ ಶಲಾಕೆ ಮುರಿಯಬಾರದು. ಉಗುರು ಕೂದಲೆಳೆಯಷ್ಟು ಆಳಕ್ಕೆ ಹೋದರೂ ಕಾಯಿ ಉದುರುತ್ತದೆ. ಮರುದಿನ ಬೆಳಿಗ್ಗೆ ಗಂಡಿಗೆಂದು ಬೆಳೆಸಿದ ಬೇರೆ ತಳಿಯ ಸಾಲಿನ ಹೂ ಕಿತ್ತು ಈ ಬತ್ತಲೆ ಶಲಾಕೆಯ ತುದಿಗೆ ಸವರುತ್ತಾರೆ. ಒಂದು ಗಂಡುಹೂ ಹಲವು ಹೆಣ್ಣುಹೂಗಳಿಗೆ ಸಾಕು. ಗುರುತಿಗೆ ದಾರ ಕಟ್ಟುವುದೂ ಉಂಟು. ತಾಳಿಯ ವಿಷಯದಲ್ಲಿ ವಿದ್ವಾಂಸರಿಗೆ ಇನ್ನು ಸಂದೇಹ ಬೇಡ.

ಹತ್ತಿಯ ಎರಡು ಬೇರೆ ಜಾತಿಗಳನ್ನು ಕೂಡಿಸಿ 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿ ತಂದ ಹೈಬ್ರಿಡ್‌ಗೆ ವರಲಕ್ಷ್ಮಿ ಎಂದು ಹೆಸರಿಟ್ಟರು. ಅಂತರ್ಜಾತಿ ವಿವಾಹಕ್ಕೆ ಉತ್ತರ ಕರ್ನಾಟಕ ಅಷ್ಟು ಸಲೀಸಾಗಿ ಒಪ್ಪಿದ್ದು ಹತ್ತಿಯ ವಿಷಯದಲ್ಲಿ ಮಾತ್ರ.

ಟೊಮ್ಯಾಟೊ, ಮೆಣಸಿನಕಾಯಿಗಳ ನೆಟ್ ಹೌಸಿನಲ್ಲಿ ಶಿಸ್ತು ಇನ್ನೂ ಬಿಗಿ. ಚಿಮಟಿಗೆಯಿಂದ ಕೇಸರ ಕೀಳುವುದು, ಒಣಗಿಸಿ ಜರಡಿ ಹಿಡಿದ ಪರಾಗವನ್ನು ಬೆರಳ ತುದಿಯಿಂದ ಹಚ್ಚುವುದು, ಕ್ರಾಸ್ ಆದ ಟೊಮ್ಯಾಟೊ ಹೂವಿನ ಎರಡು ಪುಷ್ಪಪತ್ರಗಳನ್ನು ಗುರುತಿಗೆ ಕತ್ತರಿಸುವುದು. ಲೋಕವೆಲ್ಲ ಜೇನು ಬಾ ಎಂದು ಕರೆಯುವಾಗ ಇಲ್ಲಿ ಬಲೆ ಕಟ್ಟಿ ಹೊರಗಿಡುತ್ತಾರೆ. ಕರೆಯದೆ ಬಂದ ಪರಾಗದಿಂದ ಬೀಜ ಕಟ್ಟಿದರೆ ಅದು ಬೆರಕೆ. ಕೊಯ್ಲಾದ ಬೀಜವನ್ನು ಬಿತ್ತಿ ಬೆಳೆಸಿ ಕುಲಪರೀಕ್ಷೆ ಮಾಡುತ್ತಾರೆ. ಶುದ್ಧತೆ ಕಡಿಮೆ ಕಂಡರೆ ಲಾಟೇ ತಿರಸ್ಕಾರ. ತಪ್ಪು ಜೇನಿನದು, ದಂಡ ರೈತನದು. ಈ ಧರ್ಮಶಾಸ್ತ್ರವನ್ನು ಪ್ರಬಂಧಕಾರರು ಒಪ್ಪುವುದಿಲ್ಲ.

ಪಾಸಾದ ಬೀಜದ ಸಂತತಿಯೂ ಒಂದೇ ತಲೆಮಾರಿನದು. ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟು ಬಿತ್ತಿದರೆ ಗುಣಗಳು ಚದುರಿ, ಒಂದೊಂದು ಗಿಡ ಒಬ್ಬೊಬ್ಬ ಅಜ್ಜನನ್ನು ಹೋಲುತ್ತದೆ. ಆದ್ದರಿಂದ ಪ್ರತಿ ಹಂಗಾಮಿಗೂ ಹೊಸ ಪಾಕೀಟು, ಪ್ರತಿ ವರ್ಷವೂ ಹೊಸ ಕ್ರಾಸಿಂಗ್, ಅದಕ್ಕೆ ಮತ್ತೆ ಅದೇ ಉಗುರುಗಳು. ದೇಶದ ತರಕಾರಿಗೆ ವಂಶ ಕೊಡುವ ಈ ವಿದ್ಯೆಗೆ ಸಿಗುವುದು ದಿನದ ಕೂಲಿ.

ಈ ಸೀಮೆಯ ಲಗ್ನಪತ್ರಿಕೆಗಳಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಮನೆತನದ ಎಲ್ಲರ ಹೆಸರೂ ಅಚ್ಚಾಗುತ್ತದೆ. ಬೀಜದ ಪಾಕೀಟಿನ ಮೇಲೆ ಕಂಪನಿ, ತಳಿ, ಲಾಟ್ ನಂಬರು, ಮೊಳಕೆಯ ಪ್ರಮಾಣ ಎಲ್ಲ ಇವೆ. ಕ್ರಾಸಿಂಗ್ ಮಾಡಿದ ಊರಿನ ಹೆಸರನ್ನೂ ಕಂಪನಿಗಳು ಅಚ್ಚು ಹಾಕಿಸಲಿ. ಅಷ್ಟು ಜಾಗ ಪಾಕೀಟಿನಲ್ಲಿದೆ.