ಹುಡುಗ ‘ಸೆಟಲ್ಡ್’

584. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಇಷ್ಟು ತೆಗೆದಿದ್ದರೆ ನಮ್ಮ ಬೀದಿಯ ಟ್ಯೂಷನ್ ಸೆಂಟರಿನವರು ನನ್ನ ಮುಖವನ್ನು ಫ್ಲೆಕ್ಸಿಗೆ ಹಾಕಿ ಲೈಟು ಕಂಬಕ್ಕೆ ಕಟ್ಟುತ್ತಿದ್ದರು. ಆದರೆ ಇದು ಸಾಲ ತೀರಿಸುವ ಯೋಗ್ಯತೆಗೆ ಅಂಕ ಹಾಕುವ ಸಿಬಿಲ್ ಪರೀಕ್ಷೆ. ಒಟ್ಟು ಅಂಕ 900. ಬರೆದದ್ದೆಲ್ಲ ತಪ್ಪಾದರೂ 300 ಖಾತ್ರಿ. 750 ದಾಟಿದವನಿಗೆ ಬ್ಯಾಂಕಿನಲ್ಲಿ ಕುರ್ಚಿ, ಕಾಫಿ. 584ರವನು ಹೋದರೆ ಕೌಂಟರಿನ ಹುಡುಗ ಕಂಪ್ಯೂಟರ್ ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡು, ಡಾಕ್ಟರು ಸ್ಕ್ಯಾನಿಂಗ್ ರಿಪೋರ್ಟು ನೋಡುವ ಹಾಗೆ ನೋಡಿ, ‘ಸರ್, ನಿಮ್ ಮನೇಲಿ ಬೇರೆ ಯಾರಾದ್ರೂ ಇದಾರಾ?’ ಎಂದು ಕೇಳುತ್ತಾನೆ.

ಈ ಅಂಕ ಗಳಿಸಲು ನಾನೇನೂ ವಿಮಾನ ಕಂಪನಿ ಮುಳುಗಿಸಿ ಲಂಡನ್ನಿಗೆ ಹೋಗಲಿಲ್ಲ. 2019ರಲ್ಲಿ ಮೆಟ್ರೊ ನಿಲ್ದಾಣದ ಮೆಟ್ಟಿಲ ಬುಡದಲ್ಲಿ, ಛತ್ರಿ ನೆಟ್ಟು ಮೇಜು ಹಾಕಿಕೊಂಡು ನಿಂತಿದ್ದ ಟೈ ಹುಡುಗನೊಬ್ಬ, ‘ಅಂಕಲ್, ಟಾರ್ಗೆಟ್‌ಗೆ ಒಂದೇ ಒಂದು ಕಮ್ಮಿ ಇದೆ’ ಎಂದ. ಅವನ ಬೆವರು ನೋಡಿ ಕರಗಿ ಸಹಿ ಹಾಕಿದೆ. ಕ್ರೆಡಿಟ್ ಕಾರ್ಡಿನ ಜೊತೆ ಒಂದು ಬ್ಯಾಗು ಪುಕ್ಕಟೆ. ಬ್ಯಾಗಿನ ಜಿಪ್ ವಾರದಲ್ಲಿ ಕಿತ್ತುಹೋಯಿತು, ಕಾರ್ಡು ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಸುಖವಾಗಿ ಮಲಗಿತು. ಎರಡನೇ ವರ್ಷ 499 ರೂಪಾಯಿ ವಾರ್ಷಿಕ ಶುಲ್ಕ ಬಂತು, ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ದಿನವೂ ಉಜ್ಜದ ಕಾರ್ಡಿಗೆ ಯಾಕೆ ಕಟ್ಟಬೇಕು ಅಂತ ನಾನು. ಕಟ್ಟದಿದ್ದವನನ್ನು ಯಾಕೆ ಬಿಡಬೇಕು ಅಂತ ಅವರು. ತಡವಾದದ್ದಕ್ಕೆ ದಂಡ, ದಂಡಕ್ಕೆ ಬಡ್ಡಿ, ಬಡ್ಡಿಗೆ ಜಿಎಸ್‌ಟಿ. ಮೂರು ವರ್ಷದಲ್ಲಿ ಒಂಬತ್ತು ಸಾವಿರ ಚಿಲ್ಲರೆ. ನನ್ನ ಮಗನೂ ಇಷ್ಟು ಬೇಗ ಬೆಳೆದಿರಲಿಲ್ಲ.

ಆಮೇಲೆ ವಸೂಲಿಯವನ ಫೋನು. ಮೊದಲು ಗದರಿದ, ಆಮೇಲೆ ಮನೆಮಗನಾದ. ‘ಸರ್, ನಾಲ್ಕು ಸಾವಿರ ಹಾಕ್ಬಿಡಿ, ಸೆಟ್ಲ್ ಮಾಡಿಸಿಕೊಡ್ತೀನಿ.’ ಅರ್ಧಕ್ಕಿಂತ ಕಡಿಮೆಗೆ ಮುಗಿಸಿದೆನಲ್ಲ ಅಂತ ಆ ದಿನ ಮನೆಗೆ ಅರ್ಧ ಕೆಜಿ ಮೈಸೂರುಪಾಕು ತಂದಿದ್ದೆ.

ನಮ್ಮಲ್ಲಿ ಹೆಣ್ಣು ಕೊಡುವಾಗ ಕೇಳುವ ಮೊದಲ ಪ್ರಶ್ನೆಯೇ ‘ಹುಡುಗ ಸೆಟ್ಲ್ ಆಗಿದಾನಾ?’ ಅಂತ. ಮನೆಯಿದೆ, ಕೆಲಸವಿದೆ, ಇನ್ನು ಓಡಿಹೋಗುವುದಿಲ್ಲ ಅನ್ನುವುದಕ್ಕೆಲ್ಲ ಸೇರಿ ಅದೊಂದೇ ಶಬ್ದ. ಸಿಬಿಲ್ ವರದಿಯಲ್ಲಿ ಅದೇ ಶಬ್ದಕ್ಕೆ ಅರ್ಥ ಬೇರೆ. ಪೂರ್ತಿ ತೀರಿಸಿದವನ ಹೆಸರಿನ ಮುಂದೆ ‘ಕ್ಲೋಸ್ಡ್’ ಎಂದಿರುತ್ತದೆ. ‘ಸೆಟಲ್ಡ್’ ಎಂದಿದ್ದರೆ, ಈತ ಕೊಡಬೇಕಾದ್ದನ್ನು ಪೂರ್ತಿ ಕೊಡದೆ ಚೌಕಾಸಿ ಮಾಡಿ ಕೈತೊಳೆದುಕೊಂಡ ಆಸಾಮಿ ಎಂದು ಅರ್ಥ. ಐವತ್ತು ವರ್ಷ ಬದುಕಿದ ಮೇಲೆ ಕೊನೆಗೂ ಒಂದು ಕಡೆ ನಾನು ಸೆಟ್ಲ್ ಆದೆ ನೋಡಿ. ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ 2025ರಲ್ಲಿ ಎಲ್ಲ ಮಾತುಕತೆ ಮುಗಿದಿದ್ದ ಮದುವೆಯೊಂದು, ಹುಡುಗಿಯ ಕಡೆಯ ಹಿರಿಯರು ವರನ ಸಿಬಿಲ್ ಕೇಳಿದ್ದರಿಂದ ಮುರಿದುಬಿತ್ತು ಎಂದು ಪತ್ರಿಕೆಗಳು ಬರೆದವು. ಕುಜದೋಷವಿದ್ದರೆ ಬಾಳೆಗಿಡಕ್ಕೆ ತಾಳಿ ಕಟ್ಟಿಸಿ ಪರಿಹಾರ ಮಾಡಿಸಬಹುದಿತ್ತು. ಸಿಬಿಲ್ ದೋಷಕ್ಕೆ ಶಾಂತಿ ಮಾಡಿಸುವ ಪುರೋಹಿತರು ಇನ್ನೂ ಹುಟ್ಟಿಲ್ಲ.

ಹುಟ್ಟಿಲ್ಲ ಅನ್ನುವುದು ತಪ್ಪು. ನಮ್ಮ ಬಸ್ ಸ್ಟಾಪಿನ ಗೋಡೆಯ ಮೇಲೆ, ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಎಂಬ ಚೀಟಿಯ ಪಕ್ಕದಲ್ಲೇ ‘ಸಿಬಿಲ್ ರಿಪೇರಿ’ ಚೀಟಿಯೂ ಇದೆ. ಫೋನು ಮಾಡಿದೆ. ಐದು ಸಾವಿರ ಕೊಟ್ಟರೆ ವರದಿಯಲ್ಲಿರುವ ತಪ್ಪಿಗೆ ಆಕ್ಷೇಪಣೆ ಸಲ್ಲಿಸುತ್ತಾನಂತೆ. ಆ ಆಕ್ಷೇಪಣೆಯನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಪುಕ್ಕಟೆ ಸಲ್ಲಿಸಬಹುದು, ವರ್ಷಕ್ಕೊಂದು ಪೂರ್ಣ ವರದಿಯೂ ಪುಕ್ಕಟೆ ಸಿಗುತ್ತದೆ, ದೂರು 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಸಿಬಿಲ್‌ನವರೋ ಬ್ಯಾಂಕಿನವರೋ ನಮಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ನನ್ನ ಕಷ್ಟ ಏನೆಂದರೆ ವರದಿಯಲ್ಲಿ ತಪ್ಪೇ ಇಲ್ಲ. ಸೆಟಲ್ಡ್ ಅಂದಿದ್ದಾರೆ, ಆಗಿದ್ದೇನೆ.

ಈ ದಾಖಲೆಯನ್ನು ಸಿಬಿಲ್‌ನವರು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತಾರೆ. ಶನಿಯ ಸಾಡೇಸಾತಿ ಏಳೂವರೆ ವರ್ಷ. ಅದಕ್ಕಿಂತ ಅರ್ಧ ವರ್ಷ ರಿಯಾಯಿತಿ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಶನಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ಬ್ಯಾಂಕಿಗಿದೆ. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ನೋಡಿ: ಉದ್ದೇಶಪೂರ್ವಕ ಸುಸ್ತಿದಾರರ ಜೊತೆಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು. ರಾಜಿಯಾದವರಿಗೆ ಮತ್ತೆ ಸಾಲ ಕೊಡುವ ಮುಂಚೆ ಕನಿಷ್ಠ 12 ತಿಂಗಳು ತಣ್ಣಗಾಗಲು ಬಿಡಬೇಕು. (ಉದ್ದೇಶಪೂರ್ವಕ ಸುಸ್ತಿದಾರರಿಗೆ ಬೇರೆ ದಂಡನೆಗಳೂ ಇವೆ ಅನ್ನಿ, ಸುಳ್ಳು ಹೇಳಬಾರದು.) ನಿಯಮದ ಪ್ರಕಾರ ನಾನೂ ಹನ್ನೆರಡು ತಿಂಗಳಲ್ಲಿ ತಣ್ಣಗಾಗಿದ್ದೇನೆ. ಕೋಟಿಯವನು ತಣ್ಣಗಾದನೋ ಇಲ್ಲವೋ ಎಂದು ಮುಟ್ಟಿನೋಡಲು ಹತ್ತು ಜನ ಮ್ಯಾನೇಜರುಗಳು ಹೋಗುತ್ತಾರೆ. ನನ್ನ ಮೈ ಮುಟ್ಟುವವರಿಲ್ಲ, ಯಂತ್ರವೇ ನೋಡುತ್ತದೆ. ಯಂತ್ರಕ್ಕೆ ಏಳು ವರ್ಷದ ಜ್ಞಾಪಕಶಕ್ತಿ.

ನನ್ನ ಹೆಂಡತಿಗೆ ಇದೆಲ್ಲ ಕೇಳಿ ನಗು. ಅವಳು ಜೀವನದಲ್ಲಿ ಯಾರ ಹತ್ತಿರವೂ ಒಂದು ಪೈಸೆ ಸಾಲ ಮಾಡಿದವಳಲ್ಲ, ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟೇ ಫ್ರಿಜ್ಜು ತಂದವಳು. ನೋಡೋಣ ಎಂದು ಅವಳದ್ದೂ ತೆಗೆಸಿದೆ. ಮೈನಸ್ ಒಂದು. ಪರೀಕ್ಷೆಗೇ ಕೂರದವಳು ಎಂದು ಅರ್ಥ. ಸಾಲ ಮಾಡದವಳಿಗೆ ಸಾಲ ತೀರಿಸುವ ಯೋಗ್ಯತೆ ಇದೆಯೆಂದು ನಂಬುವುದು ಹೇಗೆ? ಬರೀ ಇತಿಹಾಸವಿಲ್ಲ ಎಂಬ ಕಾರಣಕ್ಕೆ ಮೊದಲ ಸಲದವರ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆಯೆಂದು 2025ರ ಆಗಸ್ಟ್‌ನಲ್ಲಿ ಸರ್ಕಾರ ಲೋಕಸಭೆಗೇ ತಿಳಿಸಿತು. ಕೌಂಟರಿನ ಹುಡುಗನಿಗೆ ಇದನ್ನು ಹೇಳಿದೆ. ‘ಲೋಕಸಭೆ ಬೇರೆ ಸರ್, ಸಿಸ್ಟಂ ಬೇರೆ’ ಎಂದ.

ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಹಾಗೆ. 2025ರಲ್ಲೇ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ, ಬ್ಯಾಂಕ್ ನೌಕರಿಗೆ ಆಯ್ಕೆಯಾದವನ ನೇಮಕವನ್ನು ಅವನ ಸಾಲದ ಇತಿಹಾಸ ಚೆನ್ನಾಗಿಲ್ಲವೆಂದು ಬ್ಯಾಂಕು ರದ್ದು ಮಾಡಿದ್ದನ್ನು ಕೋರ್ಟು ಎತ್ತಿಹಿಡಿಯಿತು. ಸಾಲ ತೀರಿಸಬೇಕಾದರೆ ಕೆಲಸ ಬೇಕು, ಕೆಲಸ ಸಿಗಬೇಕಾದರೆ ಸಾಲ ತೀರಿರಬೇಕು.

ಇಷ್ಟೆಲ್ಲ ಇದ್ದರೂ ದಿನಕ್ಕೆ ಮೂರು ಸಲ ಫೋನು. ‘ಸರ್, ನಿಮಗೆ ಪ್ರೀ-ಅಪ್ರೂವ್ಡ್ ಕಾರ್ಡ್ ಇದೆ.’ ನಾನು, ‘ಅಮ್ಮಾ, ನನ್ನದು 584’ ಅನ್ನುತ್ತೇನೆ. ‘ಪರವಾಗಿಲ್ಲ ಸರ್, ಒಂದು ಓಟಿಪಿ ಹೇಳಿ ಚೆಕ್ ಮಾಡ್ತೀವಿ’ ಅನ್ನುತ್ತದೆ ಆ ಮಗು. ಅವರು ಹಾಗೆ ಚೆಕ್ ಮಾಡಿದ್ದೂ ವರದಿಯಲ್ಲಿ ದಾಖಲಾಗುತ್ತದೆ. ಮೇಲಿಂದ ಮೇಲೆ ಚೆಕ್ ಮಾಡಿಸಿದರೆ, ಈತ ಸಾಲಕ್ಕೆ ಹಸಿದು ಅಲೆಯುತ್ತಿದ್ದಾನೆಂದು ಅಂಕ ಇನ್ನಷ್ಟು ಕೆಳಗೆ. ಅವರೇ ಕರೆದು, ಅವರೇ ಬಾಗಿಲು ಮುಚ್ಚಿ, ಬಾಗಿಲು ತಟ್ಟಿದ್ದಕ್ಕೆ ನನಗೆ ದಂಡ. ತಿರಸ್ಕಾರಕ್ಕೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂದು 2022ರಿಂದ ನಿಯಮವಿದೆ. ಕೊಡುತ್ತಾರೆ. ‘ಆಂತರಿಕ ನೀತಿ’ ಎಂದು ಎರಡು ಶಬ್ದ.

ಕೊನೆಗೆ ಆ ಕೌಂಟರಿನ ಹುಡುಗನೇ ಕರುಣೆ ತೋರಿದ. ‘ಸರ್, ಎಫ್‌ಡಿ ಮೇಲೆ ಕಾರ್ಡ್ ಕೊಡ್ತೀವಿ. ಸಿಬಿಲ್ ನೋಡೋದೇ ಇಲ್ಲ.’ ನೋಡುವುದೇಕೆ? ನಾನು 25,000 ರೂಪಾಯಿ ಅವರಲ್ಲಿ ಠೇವಣಿ ಇಡಬೇಕು, ಅದರ ಶೇ 80ರಷ್ಟು, ಅಂದರೆ 20,000ದ ಮಿತಿಯ ಕಾರ್ಡು ನನಗೆ. ಮುಟ್ಟಲಾಗದ ನನ್ನ ದುಡ್ಡಿಗೆ ಅವರು ಕೊಡುವ ಬಡ್ಡಿ ವರ್ಷಕ್ಕೆ ಶೇ 6.5 ಎಂದುಕೊಳ್ಳಿ, 1,625 ರೂಪಾಯಿ. ಆ 20,000 ಉಜ್ಜಿ ಬಾಕಿ ಉಳಿಸಿಕೊಂಡರೆ ನಾನು ಕೊಡಬೇಕಾದ್ದು ತಿಂಗಳಿಗೆ ಶೇ 3.5, ವರ್ಷಕ್ಕೆ 8,400. ಬಡ್ಡಿಯ ಮೇಲೆ ಜಿಎಸ್‌ಟಿ 1,512 ಬೇರೆ. ನನ್ನ ಎಮ್ಮೆಯನ್ನು ಅವರ ಕೊಟ್ಟಿಗೆಯಲ್ಲಿ ಕಟ್ಟಿ, ಅದರ ಹಾಲನ್ನು ಅವರಿಂದಲೇ ಸಾಲಕ್ಕೆ ಕೊಂಡು, ತಡವಾದರೆ ಸಗಣಿಗೂ ದುಡ್ಡು ಕೊಡುವ ವ್ಯವಸ್ಥೆ. ಕಾರ್ಡಿನ ಬಡ್ಡಿ ಶೇ 30 ದಾಟಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು, ಅದನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಹಾಗಾಗಿ ಕೊಟ್ಟಿಗೆಗೆ ಈಗ ಮಾಡೂ ಇಲ್ಲ, ಆಕಾಶವೇ ಮಿತಿ.

ಇನ್ನೊಂದು ವಿಷಯ ಹುಡುಗ ಪಿಸುಗುಟ್ಟಿದ. ‘ಸರ್, 20,000 ಅಂತ ಪೂರ್ತಿ ಉಜ್ಜಬೇಡಿ. ಶೇ 30 ದಾಟಬಾರದು, ಆರು ಸಾವಿರದೊಳಗೇ ಇರಿ. ಇಲ್ಲಾಂದ್ರೆ ಸ್ಕೋರ್ ಬೀಳತ್ತೆ.’ ಊಟಕ್ಕೆ ಕರೆದು, ಎಲೆಗೆ ಮೂರು ಇಡ್ಲಿ ಬಡಿಸಿ, ಒಂದು ತಿಂದು ಎದ್ದವನನ್ನು ಮರ್ಯಾದಸ್ಥ ಎಂದೂ ಮೂರೂ ತಿಂದವನನ್ನು ಬರಗೆಟ್ಟವನು ಎಂದೂ ಬರೆದಿಟ್ಟುಕೊಳ್ಳುವ ಮನೆ ಇದು. ಬಡಿಸಿದ್ದು ನಾನೇ ತಂದ ಇಡ್ಲಿ ಅನ್ನುವುದು ಬೇರೆ ಮಾತು.

ನಮ್ಮ ಬೀದಿಯ ಶೆಟ್ಟರ ಅಂಗಡಿಯ ಉದ್ದರಿ ಪುಸ್ತಕ ಇದಕ್ಕಿಂತ ಚೆನ್ನಾಗಿತ್ತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಅದೇನು ಧರ್ಮಛತ್ರವಾಗಿರಲಿಲ್ಲ. ಶೆಟ್ಟರು ಅಪ್ಪನ ಕೆಲಸ ಸರ್ಕಾರದ್ದೋ ಅಲ್ಲವೋ ನೋಡುತ್ತಿದ್ದರು, ಜಾತಿ ನೋಡುತ್ತಿದ್ದರು, ಬಾಕಿಯನ್ನು ಹತ್ತು ಜನರೆದುರು ಕೂಗಿ ಹೇಳುತ್ತಿದ್ದರು. ಯಂತ್ರ ಕೂಗುವುದಿಲ್ಲ, ಅಷ್ಟರ ಮಟ್ಟಿಗೆ ಅದು ಸಭ್ಯ. ಎಫ್‌ಡಿ ಕಾರ್ಡಿನ ಉಪಾಯ ಫಲ ಕೊಡುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸ್ವಲ್ಪ ಸ್ವಲ್ಪ ಉಜ್ಜಿ, ಗಡುವಿನೊಳಗೆ ಪೂರ್ತಿ ಬಿಲ್ಲು ಕಟ್ಟುತ್ತಾ ಹೋದರೆ ಬಡ್ಡಿಯೂ ಬೀಳುವುದಿಲ್ಲ, ಅಂಕವೂ ನಿಧಾನಕ್ಕೆ ಏರುತ್ತದೆ.

ಸರಿ, ಆ 25,000 ಎಲ್ಲಿಂದ ತರುವುದು? ಹೆಂಡತಿ ತನ್ನ ತಮ್ಮನನ್ನು ನೆನಪಿಸಿದಳು. ಅವನ ಸಿಬಿಲ್ 812. ಮನೆ ಸಾಲ, ಕಾರಿನ ಸಾಲ, ಕೈಯಲ್ಲಿರುವ ಫೋನು, ಗೋಡೆಯ ಮೇಲಿನ ಟಿವಿ, ಎಲ್ಲವೂ ಇಎಂಐ. ಬ್ಯಾಂಕುಗಳಿಗೆ ಅವನೆಂದರೆ ಪಂಚಪ್ರಾಣ. ಆರು ವರ್ಷದ ಹಿಂದೆ ನನ್ನಿಂದ ಪಡೆದ 40,000 ಕೈಸಾಲ ಮಾತ್ರ ಯಾವ ವರದಿಯಲ್ಲೂ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಈ ಈರಭದ್ರನ 812ರಲ್ಲಿ ಕೋಡಂಗಿಯ ಪಾಲೂ ಇದೆ. ಸಂಕೋಚ ಬಿಟ್ಟು ಫೋನು ಮಾಡಿ, ಪೂರ್ತಿ ಬೇಡ, 25,000 ಕೊಡಪ್ಪ, ನನ್ನ ಸ್ಕೋರು ಸರಿಮಾಡಿಕೊಳ್ಳಬೇಕು ಎಂದೆ.

‘ಅಯ್ಯೋ ಭಾವ,’ ಎಂದ ನಿಜವಾದ ಕಳಕಳಿಯಿಂದ. ‘ಈಗ ನಿಮಗೆ ಕೊಟ್ಟುಬಿಟ್ರೆ ಐದನೇ ತಾರೀಖು ನನ್ನ ಇಎಂಐ ಬೌನ್ಸ್ ಆಗತ್ತೆ. ಎಂಟುನೂರರ ಕೆಳಗೆ ಬಿದ್ದುಹೋಗ್ತೀನಿ. ನಿಮಗೇನು ಬಿಡಿ, ನಿಮ್ಮದು ಹೇಗೂ ಬಿದ್ದಿದೆಯಲ್ಲ.’