ಮೈಸೂರಿನ ಎರಡು ಗಡಿಯಾರ

(ಚಿಕ್ಕ ಗಡಿಯಾರ ಹೆಸರಿಗಷ್ಟೇ ಚಿಕ್ಕವನು, ಹುಟ್ಟಿದ್ದು 1886ರಲ್ಲಿ. ದೊಡ್ಡವನು 1927ರ ಕೂಸು.)

ದೊಡ್ಡ: ಏನಣ್ಣ, ಬೀದಿ ಹೇಗಿದೆ?

ಚಿಕ್ಕ: ಕಾಣಿಸಿದರೆ ತಾನೇ! ಮುಂದೆ ಫ್ಲೆಕ್ಸು, ಮೇಲೆ ಕೇಬಲ್ಲು.

ದೊಡ್ಡ: ಲ್ಯಾನ್ಸ್‌ಡೌನ್ ಕಟ್ಟಡ?

ಚಿಕ್ಕ: 2012ರಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು ಕಣೋ. ಆಮೇಲೆ ಅಂಗಡಿಯವರನ್ನೆಲ್ಲ ಖಾಲಿ ಮಾಡಿಸಿದರು. ಗೋಡೆ ಸಂದಿಯಲ್ಲಿ ಹುಟ್ಟೋ ಅರಳಿ ಗಿಡಕ್ಕೆ ಮಾತ್ರ ನೋಟಿಸಿಲ್ಲ.

ದೊಡ್ಡ: ದೇವರಾಜ ಮಾರ್ಕೆಟ್ಟು?

ಚಿಕ್ಕ: 2016ರಲ್ಲಿ ಉತ್ತರದ ಬಾಗಿಲ ಕಡೆ ಉರುಳಿತು. ಕೆಡವಬೇಕೋ, ದುರಸ್ತಿ ಮಾಡಬೇಕೋ ಅಂತ ಸಮಿತಿ, ವರದಿ, ಕೋರ್ಟು. ಅಷ್ಟೂ ವಾದವನ್ನ ಮಿಕ್ಕ ಗೋಡೆ ನಿಂತೇ ಕೇಳಿತು, ಪಾಪ.

ದೊಡ್ಡ: ದಸರೆಗೆ ದೀಪ ಹಾಕ್ತಾರಲ್ಲಣ್ಣ!

ಚಿಕ್ಕ: ಹೌದಪ್ಪ, ಬಿರುಕು ರಾತ್ರಿನೂ ಕಾಣಲಿ ಅಂತ. ಜಂಬೂಸವಾರಿ ಹೋಗೋ ಸಯ್ಯಾಜಿರಾವ್ ರಸ್ತೆಗೆ ತೇಪೆ, ಬಣ್ಣ, ಉಪಚಾರ. ಹಿಂದಿನ ಗಲ್ಲಿಗೆ ಆನೆ ಬರಲ್ಲ, ಹಾಗಾಗಿ ಡಾಂಬರೂ ಬರಲ್ಲ.

ದೊಡ್ಡ: ಹಾಗಾದ್ರೆ ಆನೇನ ಗಲ್ಲಿಗೇ ತಿರುಗಿಸೋಣ!

ಚಿಕ್ಕ: ಸುಮ್ನಿರೋ. ಗುಂಡಿಗೆ ಬಿದ್ದರೆ ಎತ್ತೋಕೆ ಟೆಂಡರ್ ಕರೀಬೇಕು.